ಉಣ್ಣದ ಅಳಿಯ

ನೀಲಪ್ಪನ ಸಂಸಾರಕ್ಕೆ ಕಲ್ಲು ಹಾಕಿದ್ದು ಮಸಾಲಿ ದ್ವಾಸಿ. ಒಂದೇ ದ್ವಾಸಿ ಅಂದರೆ ಸುಳ್ಳಾದೀತು, ಮೂರು. ಮದುವೆಯಾದ ಮೇಲೆ ಮೊದಲನೆಯ ದೀಪಾವಳಿಗೆಂದು ಅತ್ತೆಯ ಮನೆಗೆ ಹೊರಟವ, ಮಧ್ಯಾಹ್ನಕ್ಕೆ ಹೋಳಿಗೆ ಊಟ ಕಾದಿದೆ ಅಂತ ಗೊತ್ತಿದ್ದವ, ಪಾಡ್ಯದ ದಿನ ಬೆಳಿಗ್ಗೆ ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಎದುರಿನ ಭಟ್ಟರ ಹೋಟೆಲಿನಲ್ಲಿ ಕೂತು ಮೂರು ಮಸಾಲಿ ದ್ವಾಸಿ ತಿಂದ. ತಿನ್ನಬಾರದಿತ್ತು. ಆದರೆ ಈಗ ಅದನ್ನು ಹೇಳಿ ಏನು ಉಪಯೋಗ ಹೇಳ್ರಿ.

ಈ ನೀಲಪ್ಪ ಸವಣೂರಿನ ಎಲೆತೋಟದಲ್ಲಿ ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುವವ. ಕೈ ಬಹಳ ಚುರುಕು. ಬಾಯಿ ಮಾತ್ರ ಏನೂ ಕೆಲಸಕ್ಕೆ ಬಾರದ್ದು. ಹಿರಿಯರು ಎದುರಿಗಿದ್ದರೆ ‘ಹೂಂ’ ಅನ್ನಬೇಕಾದಲ್ಲಿ ‘ಊಹೂಂ’ ಅಂದುಬಿಡುವ ಪ್ರಾಣಿ. ಇನ್ನೊಂದು ಕೆಟ್ಟ ಚಟ ಇತ್ತು. ಬೇರೆಯವರಿಗೆ ಹೆದರಿಕೆಯಾದರೆ ಹಸಿವು ಹೋಗುತ್ತದೆ, ಇವನಿಗೆ ಹೆದರಿಕೆಯಾದರೆ ಹಸಿವು ಹುಟ್ಟುತ್ತಿತ್ತು. ಮದುವೆಯ ಹಿಂದಿನ ದಿನ ಒಬ್ಬನೇ ಕೂತು ಒಂದು ಪುಟ್ಟಿ ಚುರುಮುರಿ ಮುಗಿಸಿದ್ದ.

ಹೆಂಡತಿ ಮಾದೇವಿ ಹಾನಗಲ್ ತಾಲೂಕಿನ ಆಡೂರಿನವಳು. ನಾಗರ ಪಂಚಮಿಗೆಂದು ತವರಿಗೆ ಹೋದವಳನ್ನು ಅವಳ ಅವ್ವ ಕರೆವ್ವ, “ಇನ್ನ ದೀಪಾವಳಿಗೆ ಅಳಿಯಾರು ಬಂದು ಕರಕೊಂಡು ಹೋಗ್ಲಿ” ಅಂತ ಅಲ್ಲೇ ಇಟ್ಟುಕೊಂಡಿದ್ದಳು. ಮೂರು ತಿಂಗಳು! ನೀಲಪ್ಪ ತಡೆಯಲಾರದೆ ಒಂದು ಪತ್ರ ಬರೆದ. “ನೀ ಹೋದಾಗಿಂದ ಅನ್ನ ಗಂಟಲದಾಗ ಇಳಿಯವಲ್ದು. ಸೊರಗಿ ಕಡ್ಡಿ ಆಗೇನಿ.” ಬರೆಯುವಾಗ ಅವನ ಎಡಗೈಯಲ್ಲಿ ಗೆಳೆಯ ಬಂದೇಸಾಬನ ಮನೆಯಿಂದ ಬಂದ ಸಜ್ಜಕದ ಬಟ್ಟಲಿತ್ತು. ಆದರೂ ಪತ್ರ ಸುಳ್ಳಲ್ಲ, ಮನಸ್ಸಿಗೆ ಸಂಬಂಧಪಟ್ಟಂತೆ ಖರೇನೇ.

ಮಾದೇವಿ ನಾಲ್ಕನೆಯ ಇಯತ್ತೆ ಕಲಿತವಳು. ಉತ್ತರ ಬರೆದಳು. “ನಿಮ್ಮ ಪತ್ರ ಓದಿ ಕಣ್ಣಾಗ ನೀರು ಬಂದವು. ಐತವಾರ ಪಾಡ್ಯದ ಊಟ ಆದ ಕೂಡ್ಲೆ ನಿಮ್ಮ ಕೂಡ ಬರ್ತೇನಿ. ಆದ್ರ ಒಂದ ಮಾತು. ನಮ್ಮ ಅಕ್ಕನ ಗಂಡ ಬೀರಪ್ಪ ಮೊದಲನೇ ದೀಪಾವಳಿಗೆ ಎಲಿ ಮುಂದ ಮುನಿಸಿಕೊಂಡು ಕುಂತು ಕೈಗಡಿಯಾರ ಇಸ್ಕೊಂಡ. ಅಪ್ಪ ಅದಕ್ಕ ಒಂದು ಎತ್ತು ಮಾರಿದ. ಈಗ ಉಳದದ್ದು ಒಂದ ಎತ್ತು. ನೀವೂ ಹಂಗ ಮುನಿಸಿಕೊಂಡು ಏನರ ಇಸ್ಕೊಂಡ್ರ, ಅದನ್ನ ತಗೊಂಡು ನೀವೊಬ್ರ ಹೋಗ್ರಿ. ನಾ ಬರೂದಿಲ್ಲ.”

ಈ ಮುನಿಸಿನ ವಿಷಯ ಸ್ವಲ್ಪ ಹೇಳಬೇಕು. ಆ ಕಡೆ ಹೊಸ ಅಳಿಯ ಮೊದಲನೆಯ ದೀಪಾವಳಿಗೆ ಬಂದರೆ ಪಾಡ್ಯದ ಪಂಕ್ತಿಯಲ್ಲಿ ಅವನು ತುತ್ತು ಎತ್ತುವವರೆಗೆ ಯಾರೂ ಎತ್ತುವಂತಿಲ್ಲ. ಅವನು ಕೈ ಕಟ್ಟಿ ಕೂತನೋ, ಮುನಿಸಿಕೊಂಡ ಅಂತ ಅರ್ಥ. ಮಾವ ಬಂದು ಕೇಳಬೇಕು, ಅಳಿಯ ‘ಏನೂ ಬ್ಯಾಡ’ ಅನ್ನಬೇಕು, ಮಾವ ಒಂದೊಂದೇ ವಸ್ತುವಿನ ಹೆಸರು ಹೇಳುತ್ತ ಹೋಗಬೇಕು, ಮನಸ್ಸಿಗೆ ಬಂದದ್ದಕ್ಕೆ ಅಳಿಯ ಗೋಣು ಹಾಕಬೇಕು. ಓಣಿಯವರಿಗೆಲ್ಲ ಇದು ಪುಕ್ಕಟೆ ನಾಟಕ. ವರ್ಷಕ್ಕೊಂದು ಮನೆಯಲ್ಲಾದರೂ ಈ ನಾಟಕ ಆಗದಿದ್ದರೆ ಹಬ್ಬ ಸಪ್ಪಗಾಯಿತು ಅಂತ ಬೇಸರಪಡುವ ಜನ.

ನೀಲಪ್ಪ ಪತ್ರವನ್ನು ಹತ್ತು ಸಲ ಓದಿದ. ಮುನಿಸಿಕೊಳ್ಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು! ಅವನಿಗೆ ಬೇಕಾದದ್ದು ಮಾದೇವಿ ಒಬ್ಬಳೇ. ಎಲೆ ಹಾಕಿದ ಕೂಡಲೇ ಗಪ್ಪನೆ ತುತ್ತು ಬಾಯಿಗೆ ಹಾಕುವುದು, ಬೇರೆ ಮಾತೇ ಇಲ್ಲ ಅಂತ ನಿಶ್ಚಯ ಮಾಡಿಕೊಂಡ.

ಹೊಸ ಅಳಿಯನ ಸಂಗಡ ಗೆಳೆಯರು ಹೋಗುವುದು ರೂಢಿ. ಬಂದೇಸಾಬ ಮತ್ತು ಗುದ್ಲೆಪ್ಪ ಹೊರಟರು. ಇಬ್ಬರೂ ಎಲೆತೋಟದವರೇ. ಬಂದೇಸಾಬನಿಗೆ ಊಟ ಒಂದೇ ವಿಚಾರ. ಗುದ್ಲೆಪ್ಪನಿಗೆ ಬುದ್ಧಿ ಹೇಳುವುದು ಒಂದೇ ಕೆಲಸ. ಶನಿವಾರ ಅಮಾವಾಸ್ಯೆ ಮಧ್ಯಾಹ್ನ ಸವಣೂರು ಬಿಟ್ಟರು. ಶಿಗ್ಗಾವಿಯಲ್ಲಿ ಹಾನಗಲ್ಲಿನ ಬಸ್ಸಿಗೆ ಎರಡು ತಾಸು ಕಾಯಬೇಕಾಯಿತು. ಸುಮ್ಮನೆ ಕಾಯುವುದು ಬೇಡ ಅಂತ ಮೆಣಸಿನಕಾಯಿ ಭಜಿ ತಿನ್ನುತ್ತ ಕಾಯ್ದರು. ಹಾನಗಲ್ಲಿಗೆ ಬಂದು ಖಾನಾವಳಿಯಲ್ಲಿ ರೊಟ್ಟಿ, ಎಣಗಾಯಿ ಪಲ್ಯ. ಅಲ್ಲಿಂದ ಗುದ್ಲೆಪ್ಪನ ಸೋದರತ್ತೆಯ ಮನೆಗೆ ಮಲಗಲಿಕ್ಕೆ ಹೋದರೆ ಆಕೆ ಅಮಾವಾಸ್ಯೆಯ ಕಡುಬು ಬಡಿಸದೆ ಚಾಪೆ ಹಾಸಲಿಲ್ಲ.

ಐತವಾರ ಬೆಳಗಾದ ಕೂಡಲೇ ನೀಲಪ್ಪನ ಎದೆ ಡವಡವ ಅನ್ನತೊಡಗಿತು. ಎದೆ ಡವಡವ ಅಂದರೆ ಹೊಟ್ಟೆ ಚುರುಚುರು.

“ಲೇ ನೀಲ್ಯಾ,” ಅಂದ ಗುದ್ಲೆಪ್ಪ, ಹೋಟೆಲಿನ ಮುಂದೆ ನಿಂತು. “ಅತ್ತಿ ಮನ್ಯಾಗ ಮೊದಲನೇ ಹಬ್ಬದ ಊಟ. ಹಸದ ಹೊಟ್ಟೀಲೆ ಹೋಗಿ ಗಬಗಬ ತಿಂದ್ರ ಓಣಿ ಹೆಂಗಸ್ರು ಜನ್ಮಪೂರ್ತಿ ಆಡಿಕೋತಾರ. ಅರ್ಧಾ ಹೋಳಗಿ ಮುರದು ‘ಸಾಕ್ರಿ’ ಅನಬೇಕು, ಅದು ಗೌರವ. ಅದಕ್ಕ ಇಲ್ಲೇ ಒಂಚೂರು ಹೊಟ್ಟಿಗೆ ಹಾಕ್ಕೊ.”

ಮಾತು ಸರಿ ಅನ್ನಿಸಿತು. ಒಂದು ಮಸಾಲಿ ದ್ವಾಸಿ ಬಂತು. ಹಾನಗಲ್ಲಿಗೆ ಆಗ ಅದು ಹೊಸ ಸೋಜಿಗ. ಒಳಗೆ ಬಟಾಟಿ ಪಲ್ಯ ಅಡಗಿಸಿಟ್ಟು ಮಡಚಿದ್ದನ್ನು ನೋಡಲಿಕ್ಕೇ ಜನ ಬರುತ್ತಿದ್ದರು.

“ಮಾದೇವಿ ಖರೇನ ಬರ್ತಾಳಲ್ಲೋ?” ಅಂದ ನೀಲಪ್ಪ.

“ಬರ್ತಾಳ, ತಿನ್ನು,” ಅಂದ ಗುದ್ಲೆಪ್ಪ.

“ನಾ ತುತ್ತು ಎತ್ತೂದ್ರಾಗ ಯಾರರ ‘ಅಳಿಯ ಮುನಿಸಿಕೊಂಡಾನ’ ಅಂದಬಿಟ್ರ?”

“ಅದಕ್ಯಾಕ ಅಂಜತಿ? ಭಟ್ಟರ, ಇನ್ನೊಂದ ತರ್ರಿ ಇವಗ,” ಅಂದ ಬಂದೇಸಾಬ.

ಹೀಗೆ ಒಂದೊಂದು ಸಂಶಯಕ್ಕೆ ಒಂದೊಂದು ದ್ವಾಸಿಯಾಯಿತು. ಮೂರನೆಯದು ಮುಗಿದ ಮೇಲೂ ಒಂದು ಸಣ್ಣ ಸಂಶಯ ಉಳಿದಿತ್ತು, ಅದಕ್ಕೆ ಒಂದು ಪ್ಲೇಟು ಶಿರಾ. ಮೇಲೆ ಎರಡು ಕಪ್ ಚಹಾ. ಏಳುವಾಗ ಅವನು ಮೇಜು ಹಿಡಿದು ಎದ್ದ. ಅಲ್ಲಿಂದ ಆಡೂರಿಗೆ ಎತ್ತಿನ ಗಾಡಿ. ಆ ದಾರಿಯ ಒಂದೊಂದು ತಗ್ಗಿಗೂ ದ್ವಾಸಿ ಗಂಟಲವರೆಗೆ ಬಂದು ಮಾತಾಡಿಸಿ ಹೋಗುತ್ತಿತ್ತು.

ಆಡೂರಿನಲ್ಲಿ ಆರತಿ ಆಯಿತು, ಎಣ್ಣೆ ನೀರಾಯಿತು. ಮಾವ ಗಿರಿಯಪ್ಪ ಸಾಧು ಮನುಷ್ಯ, ನಕ್ಕರೂ ಕೈಮುಗಿದು ನಗುವವ. ಅಳಿಯನ ಕೈಗೆ ತಾನೇ ನೀರು ಹಾಕಿದ. ಅತ್ತೆ ಕರೆವ್ವ ತಾಟಿನ ತುಂಬ ಕರ್ಚಿಕಾಯಿ, ಶೇಂಗಾ ಉಂಡಿ ತಂದಿಟ್ಟಳು. ನೀಲಪ್ಪ ಆಕೆ ತಿರುಗಿದಾಗಲೆಲ್ಲ ಒಂದೊಂದನ್ನು ಬಂದೇಸಾಬನ ಕೈಗೆ ದಾಟಿಸಿದ. ಬಂದೇಸಾಬ ತಕರಾರಿಲ್ಲದೆ ಎಲ್ಲವನ್ನೂ ಮುಗಿಸಿದ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಹಸಿರು ಬಳೆಯ ಸಪ್ಪಳ. ಮಾದೇವಿ ಒಂದು ಸಲ ಇಣುಕಿ ನೋಡಿ ನಕ್ಕಳು. ನೀಲಪ್ಪನಿಗೆ ಸವಣೂರಿನಿಂದ ಬಂದದ್ದು ಸಾರ್ಥಕವಾಯಿತು ಅನ್ನಿಸಿತು.

ಮಧ್ಯಾಹ್ನ ಪಡಸಾಲೆಯಲ್ಲಿ ಪಂಕ್ತಿ ಹಾಕಿದರು. ಓಣಿಯ ಗಂಡಸರು ಇಪ್ಪತ್ತು ಮಂದಿ. ನಟ್ಟನಡುವೆ ರಂಗೋಲಿ ಹಾಕಿದ ಮಣೆಯ ಮೇಲೆ ನೀಲಪ್ಪ. ಬಾಳೆಲೆಯ ಮೇಲೆ ಕೋಸಂಬರಿ, ಬದನೆಕಾಯಿ, ಹಪ್ಪಳ, ಶ್ಯಾವಿಗೆ ಪಾಯಸ ಬಂದು ಕೂತವು. ಕೊನೆಗೆ ಕರೆವ್ವ ಒಂದರ ಮೇಲೊಂದು ನಾಲ್ಕು ಹೋಳಿಗೆ ಇಟ್ಟು, ಅವು ತೇಲುವಂತೆ ತುಪ್ಪ ಹಾಕಿ, “ಸೊರಗೀರಿ, ಪಾಪ. ಚೊಲೋತಂಗ ಉಣ್ರಿ,” ಅಂದಳು.

ಇಪ್ಪತ್ತು ಕೈಗಳು ಎಲೆಯ ಮೇಲೆ ತಡೆದು ನಿಂತವು. ಎಲ್ಲರ ಕಣ್ಣೂ ಅಳಿಯನ ಕೈಯ ಮೇಲೆ.

ನೀಲಪ್ಪ ದೇವರನ್ನು ನೆನೆದು ಹೋಳಿಗೆಗೆ ಕೈ ಹಾಕಿದ. ಬಿಸಿ ತುಪ್ಪದ ವಾಸನೆ ಮೂಗಿಗೆ ಬಡಿಯಿತು. ಒಳಗಿನಿಂದ ದ್ವಾಸಿ, ಶಿರಾ, ಚಹಾ ಎಲ್ಲ ಒಟ್ಟಿಗೆ ಎದ್ದು ಹೊರಟವು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಉಸಿರು ಬಿಗಿಹಿಡಿದು ಮತ್ತೊಮ್ಮೆ ಕೈ ಚಾಚಿದ. ಮತ್ತೆ ತೆಗೆದುಕೊಂಡ. ಈ ಸಲ ಕೈ ಹೋಗಿ ಹೊಟ್ಟೆಯ ಮೇಲೆ ಕಟ್ಟಿಕೊಂಡು ಕೂತಿತು.

“ಗಿರಿಯಪ್ಪಾ!” ಅಂತ ಪಂಕ್ತಿಯ ಆ ತುದಿಯಿಂದ ಒಂದು ಧ್ವನಿ ಬಂತು. “ಏನ ನೋಡ್ಕೋತ ನಿಂತಿ? ಅಳಿಯಾರು ಕೈ ಕಟ್ಟಿದ್ರು!”

ಇವನು ಬಾಜೂ ಮನೆಯ ಮಹಾಲಿಂಗಪ್ಪ. ಓಣಿಯಲ್ಲಿ ಯಾರ ಮನೆಯ ಮದುವೆಯಿರಲಿ, ಮುರಿದ ಮದುವೆಯಿರಲಿ, ಇವನಿಲ್ಲದೆ ಮುಗಿದದ್ದಿಲ್ಲ. ಪಂಕ್ತಿಗೆ ಪಂಕ್ತಿಯೇ ಗೆಲುವಾಯಿತು. “ಬಂತ ನೋಡ್ರಿ ಮುನಿಸು!” “ನಾ ಹೇಳಿದ್ದಿಲ್ಲ, ಮೆತ್ತಗ ಕಂಡ್ರೂ ಗಟ್ಟಿ ಅದಾನಂತ!” ಬಡಿಸುವ ಹೆಂಗಸರು ಪಾತ್ರೆ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತರು. ಗಿರಿಯಪ್ಪನ ಮುಖ ಮಾತ್ರ ಸುಣ್ಣ ಬಳಿದಂತಾಯಿತು.

“ಇಲ್ರಿ, ಇಲ್ರಿ,” ಅಂದ ನೀಲಪ್ಪ. “ಮಾವಾರ, ಆಣಿ ಮಾಡಿ ಹೇಳ್ತೇನಿ, ನನಗೇನೂ ಬ್ಯಾಡ್ರಿ.”

“ಕೇಳಿದ್ರೇನು?” ಮಹಾಲಿಂಗಪ್ಪ ತೊಡೆ ತಟ್ಟಿದ. “ದೊಡ್ಡ ಅಳಿಯ ಬೀರಪ್ಪನೂ ಥೇಟ ಹಿಂಗ ಅಂದಿದ್ದ. ಕೇಳೋ ಗಿರಿಯಪ್ಪಾ, ಕೇಳು!”

ಗಿರಿಯಪ್ಪ ಬಂದು ಎದುರಿಗೆ ಕೂತ. “ಅಳಿಯಂದಿರ, ಧೋತರದ ಜೋಡಿ ತಂದಿಟ್ಟೇನಿ. ಜರಿ ಅಂಚಿಂದು.”

“ಬ್ಯಾಡ್ರಿ ಮಾವಾರ.”

ಗಿರಿಯಪ್ಪ ತನ್ನ ಬೆರಳಿನ ಉಂಗುರ ತೆಗೆಯಲಿಕ್ಕೆ ನೋಡಿದ. ಹೊಲದ ಕೆಲಸಕ್ಕೆ ಉಬ್ಬಿದ ಬೆರಳು, ಅದು ಬರಲೊಲ್ಲದು. ನೀಲಪ್ಪ ಗಾಬರಿಯಾಗಿ, “ಅಯ್ಯ, ಬಿಡ್ರಿ, ಬಿಡ್ರಿ!” ಅಂತ ಆ ಕೈ ಹಿಡಿದುಕೊಂಡ.

“ಉಂಗುರ ಒಲ್ಲೆ ಅಂದ್ರು,” ಮಹಾಲಿಂಗಪ್ಪ ಎಲ್ಲರಿಗೂ ಕೇಳುವಂತೆ ಸಾರಿದ.

ಗುದ್ಲೆಪ್ಪ ಪಕ್ಕದಲ್ಲೇ ಕೂತಿದ್ದ. ಅವನಿಗೆ ಗೆಳೆಯನ ಹೊಟ್ಟೆಯ ಸ್ಥಿತಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಾಗಿತ್ತು. ಆದರೆ ಅವನು ನೀಲಪ್ಪನ ಕಿವಿಯಲ್ಲಿ, “ಶಾಬಾಸ್ ಮಗನ! ಇಷ್ಟ ಧೈರ್ಯ ಐತಂತ ನನಗ ಹೇಳಿದ್ದಿಲ್ಲಲ್ಲ!” ಅಂದು, ಆಮೇಲೆ ಗಟ್ಟಿಯಾಗಿ, “ನಮ್ಮ ನೀಲ್ಯಾ ಬಾಯಿಬಿಟ್ಟು ಕೇಳಾಂವ ಅಲ್ರಿ. ನೀವ ತಿಳಕೋಬೇಕು,” ಅಂತ ಸೇರಿಸಿದ.

ನೀಲಪ್ಪ ಬಾಗಿಲ ಕಡೆ ನೋಡಿದ. ಓಡಿಹೋಗಲಿಕ್ಕೆ ದಾರಿ ಇದೆಯೇ ಅಂತ ನೋಡಿದ್ದು. ಅಲ್ಲಿ ಮಾದೇವಿ ನಿಂತಿದ್ದಳು. ಬೆಳಿಗ್ಗೆ ನಕ್ಕ ಮುಖ ಅದಲ್ಲ. ಕಣ್ಣಲ್ಲಿ ನೀರೂ ಇತ್ತು, ಬೆಂಕಿಯೂ ಇತ್ತು. ಹೋಯಿತು, ಎಲ್ಲಾ ಹೋಯಿತು ಅಂದುಕೊಂಡ ಅವನು. ದೃಷ್ಟಿಯನ್ನು ಅವಳಿಂದ ತಪ್ಪಿಸಿ ಹೊರಗಿನ ರಸ್ತೆಯ ಮೇಲೆ ಇಟ್ಟ.

“ರಸ್ತಾ ನೋಡಾಕತ್ತಾರ,” ಅಂದ ಮಹಾಲಿಂಗಪ್ಪ, ಶಾಸ್ತ್ರ ಹೇಳುವವನಂತೆ ಕಣ್ಣು ಕಿರಿದು ಮಾಡಿ. “ರಸ್ತಾದ ಮ್ಯಾಲ ಏನ ಹೋಗ್ತೈತಿ? ಸೈಕಲ್! ಸೈಕಲ್ ಬೇಕೇನ್ರಿ ಅಳಿಯಾರ?”

ಸರಿಯಾಗಿ ಆಗಲೇ ನೀಲಪ್ಪನಿಗೆ ಬಿಕ್ಕಳಿಕೆ ಬಂತು. ಅಂಥಿಂಥ ಬಿಕ್ಕಳಿಕೆಯಲ್ಲ. ತಲೆ ಮುಂದಕ್ಕೆ ಹೋಗಿ ಗದ್ದ ಎದೆಗೆ ಬಡಿಯಿತು. ಒಂದು ಸಲ. ಎರಡು ಸಲ. ಮೂರನೆಯ ಸಲ.

“ಗೋಣ ಹಾಕಿದ್ರು! ಮೂರ ಸಲ ಹಾಕಿದ್ರು!” ಅಂತ ಪಂಕ್ತಿಯೆಲ್ಲ ಕೂಗಿತು. ಸೈಕಲ್ಲು ಹತ್ತಿದರೆ ಇಳಿಯಲಿಕ್ಕೆ, ಇಳಿದರೆ ಹತ್ತಲಿಕ್ಕೆ ಬಾರದ ಮನುಷ್ಯ ನೀಲಪ್ಪ. ‘ಇಲ್ಲ’ ಅನ್ನಬೇಕೆಂದು ಬಾಯಿ ತೆಗೆದ, ಇನ್ನೊಂದು ಬಿಕ್ಕಳಿಕೆ ಬಂತು.

ಇನ್ನು ಮಾತಿನಿಂದ ಆಗುವುದಿಲ್ಲ, ತಿಂದೇ ತೋರಿಸಬೇಕು ಅಂತ ಅವನು ಕಣ್ಣು ಮುಚ್ಚಿ ಒಂದು ಚೂರು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡ. ತಡೆದುಕೊಂಡಿದ್ದ ಇಪ್ಪತ್ತು ಮಂದಿ ಒಮ್ಮೆಲೆ ಎಲೆಯ ಮೇಲೆ ಬಿದ್ದರು. ಬಂದೇಸಾಬ ಎಲ್ಲರಿಗಿಂತ ಮುಂದಿದ್ದ. ಆದರೆ ನೀಲಪ್ಪನ ಬಾಯೊಳಗಿನ ಚೂರು ಕೆಳಗಿಳಿಯಲಿಲ್ಲ. ಕೆಳಗೆ ಜಾಗವಿರಲಿಲ್ಲ. ಅವನು ಬಾಯಿಗೆ ಕೈ ಅಡ್ಡ ಹಿಡಿದು ಎಲೆಯ ಮುಂದಿನಿಂದ ಎದ್ದು ಹಿತ್ತಲಿಗೆ ಓಡಿದ.

ಪಂಕ್ತಿಯ ನಡುವೆ ಅಳಿಯ ಎದ್ದು ಹೋಗುವುದೆಂದರೇನು! ಹಿಂದೆ ಮಹಾಲಿಂಗಪ್ಪ ಗಿರಿಯಪ್ಪನ ಕಿವಿಯಲ್ಲಿ ಹೇಳಿದ್ದು ಅವನಿಗೂ ಕೇಳಿಸಲಿಲ್ಲ, ಊಟಕ್ಕೆ ಬಿದ್ದಿದ್ದ ಪಂಕ್ತಿಗೂ ಕೇಳಿಸಲಿಲ್ಲ. “ಬರೇ ಮಾತಿಗೆ ಬಗ್ಗೂದಿಲ್ಲ ಇದು. ವಸ್ತು ಕಣ್ಣಿಗೆ ಬೀಳಬೇಕು. ಏಳೋ ಗಿರಿಯಪ್ಪಾ, ನನ್ನ ಗಾಡಿ ಹೂಡಸ್ತೇನಿ.”

ಹಿತ್ತಲಲ್ಲಿ ಬಣವೆಯ ಮರೆಗೆ ಹೋಗಿ ನೀಲಪ್ಪ ಬಾಯಿ ಬರಿದು ಮಾಡಿಕೊಂಡು ತಲೆಯೆತ್ತಿದರೆ, ಎದುರಿಗೆ ಮಾದೇವಿ. ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಪತ್ರ ಮುಟ್ಟಿದ್ದಿಲ್ಲೇನು ನನ್ನದು?”

“ಮುಟ್ಟೇತಿ, ಮಾದೇವಿ.”

“ಓದಾಕ ಬರೂದಿಲ್ಲೇನು?”

“ಓದೇನಿ. ಹತ್ತ ಸಲ ಓದೇನಿ.”

“ಮತ್ತ? ಅಪ್ಪ ಬೆರಳ ಮುರಕೊಂಡು ಉಂಗುರ ತಗ್ಯಾಕ ಹೋದ. ನೋಡ್ಕೋತ ಕುಂತ್ರಲ್ಲ! ಸೈಕಲ್ ಅಂದ ಕೂಡ್ಲೆ ಗೋಣ ಬ್ಯಾರೆ ಹಾಕಿದ್ರಿ!”

“ಅದು ಬಿಕ್ಕಳಿಕಿ, ಮಾದೇವಿ! ನಿನ್ನಾಣಿ ಬಿಕ್ಕಳಿಕಿ!”

“ಬಿಕ್ಕಳಿಕಿ ಬಂದಾವ್ರು ನೀರು ಕುಡೀತಾರ. ಎಲಿ ಬಿಟ್ಟು ಎದ್ದು ಬರ್ತಾರೇನು? ಅವ್ವ ಒಳಗ ಅಳಾಕತ್ತಾಳ.”

ನೀಲಪ್ಪ ಲೆಕ್ಕ ಹಾಕಿದ. ಖರೇ ಹೇಳಿದರೆ, ಅನ್ನ ಇಳಿಯುವುದಿಲ್ಲ ಅಂತ ಬರೆದ ಪತ್ರ ಸುಳ್ಳಾಗುತ್ತದೆ. ಹೇಳದಿದ್ದರೆ ಮುನಿಸಿಕೊಂಡದ್ದು ಖರೇ ಆಗುತ್ತದೆ. ಯಾವ ಕಡೆ ಹೋದರೂ ಸವಣೂರಿಗೆ ಒಬ್ಬನೇ ಹೋಗುವುದು. ಅವನ ಕಣ್ಣಲ್ಲೂ ನೀರು ಬಂತು.

“ಹೊಟ್ಟ್ಯಾಗ ಜಾಗಾ ಇಲ್ಲ, ಮಾದೇವಿ,” ಅಂದ ಕೊನೆಗೆ. “ಹೋಟೆಲ್ಲಿನಾಗ ತಿಂದ ಬಂದೇನಿ.”

“ಏನ ತಿಂದ್ರಿ?”

“ಮಸಾಲಿ ದ್ವಾಸಿ.”

“ಎಷ್ಟು?”

“...ಮೂರು. ಮ್ಯಾಲ ಶಿರಾ. ನಿನ್ನೆ ಭಜಿ, ಖಾನಾವಳಿ ಊಟ, ಕಡುಬು.”

“ಅನ್ನ ಗಂಟಲದಾಗ ಇಳಿಯವಲ್ದಂತ ಬರದಾವ್ರು ನೀವ ಅಲ್ಲೇನು?”

“ಅನ್ನ ಇಳೀಲಿಲ್ಲ,” ಅಂದ ನೀಲಪ್ಪ ಸಣ್ಣ ಧ್ವನಿಯಲ್ಲಿ. “ದ್ವಾಸಿ ಇಳೀತು. ನೀ ಬರ್ತೀಯೋ ಇಲ್ಲೋ ಅಂತ ಅಂಜಿಕಿ ಆಗಿತ್ತು. ಅಂಜಿಕಿ ಆದ್ರ ನನಗ ಹಸಿವಿ ಆಗ್ತೈತಿ. ನಾ ಏನ ಮಾಡ್ಲಿ?”

ಮಾದೇವಿ ಅವನನ್ನೇ ನೋಡುತ್ತ ನಿಂತಳು. ನೆಲ ನೋಡಿದಳು, ಬಣವೆ ನೋಡಿದಳು. ತುಟಿಯ ತುದಿ ಸ್ವಲ್ಪ ಅಲುಗಿದಂತೆ ಅವನಿಗೆ ಕಂಡಿತು, ಆದರೆ ನಂಬಲಿಕ್ಕೆ ಧೈರ್ಯವಾಗಲಿಲ್ಲ.

“ಮಸಾಲಿ ದ್ವಾಸಿ ಅಂದ್ರ ಹೆಂಗಿರ್ತೈತಿ?” ಅಂದಳು.

ಈ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. ಹೇಳಿದ. ಮೇಲೆ ಗರಿಗರಿ ಇರುವುದನ್ನು ಹೇಳಿದ, ಒಳಗೆ ಪಲ್ಯ ಅಡಗಿರುವುದನ್ನು ಹೇಳಿದ, ಚಟ್ನಿಯ ಬಟ್ಟಲು ಬೇರೆ ಕೊಡುವುದನ್ನೂ ಹೇಳಿದ.

“ಹೂಂ,” ಅಂದಳು ಮಾದೇವಿ. “ಹೋಟೆಲ್ಲಿನಾಗ ತಿಂದು ಬಂದಾರಂತ ತಿಳದ್ರ ಅವ್ವ ಎದಿ ಒಡಕೋತಾಳ. ಮೂರ ದಿನದಿಂದ ನಿಮ್ಮ ಸಲುವಾಗಿ ಬಡದಾಡ್ಯಾಳ. ಹೊಟ್ಟಿ ಕೆಟ್ಟೈತಂತ ಹೇಳ್ತೇನಿ. ನಾ ನಿಮ್ಮ ಕೂಡ ಬರ್ತೇನಿ. ಆದ್ರ ಒಂದ ಹೇಳ್ತೇನಿ, ನೆನಪಿಟ್ಕೊರ್ರಿ. ಬಿಕ್ಕಳಿಕಿ ಇರ್ಲಿ, ಏನರ ಇರ್ಲಿ, ಅಪ್ಪನ ಕಡಿಂದ ಒಂದ ಸೈಕಲ್ ಬಂತೋ, ನಾ ಬರೂದಿಲ್ಲ.”

“ಬರೂದಿಲ್ಲ ಬಿಡು. ಎಲ್ಲಿಂದ ಬರ್ತೈತಿ ಸೈಕಲ್ಲು?” ಅಂದ ನೀಲಪ್ಪ. ಅವನಿಗೆ ಮಣ್ಣಿನ ಮೇಲೆ ಅಡ್ಡಬಿದ್ದು ನಮಸ್ಕಾರ ಮಾಡಬೇಕು ಅನ್ನಿಸಿತು, ಆದರೆ ಬಗ್ಗಲಿಕ್ಕೆ ಹೊಟ್ಟೆ ಬಿಡಲಿಲ್ಲ.

ಒಳಗೆ ಹೋದರೆ ಗಿರಿಯಪ್ಪ ಇರಲಿಲ್ಲ. “ಎಲ್ಲೋ ಹೊರಗ ಹೋದ್ರು, ಉಣ್ಣಲಾರ್ದ,” ಅಂತ ಕರೆವ್ವ ಕಣ್ಣೊರೆಸಿಕೊಂಡಳು. ಅಳಿಯನ ಹೊಟ್ಟೆ ಕೆಟ್ಟಿದೆ ಅಂತ ಕೇಳಿ ಅಜವಾನದ ಕಷಾಯ ಮಾಡಿ ಕುಡಿಸಿದಳು. ಅದಕ್ಕೆ ಹೇಗೋ ಜಾಗವಾಯಿತು. ಮಾವನ ದಾರಿ ಎಷ್ಟು ಹೊತ್ತು ಕಾದರೂ ಆತ ಬರಲಿಲ್ಲ. ಅಳಿಯನಿಗೆ ಮುಖ ತೋರಿಸಲಾರದೆ ಹೊಲಕ್ಕೆ ಹೋಗಿ ಕೂತಿರಬೇಕು ಅಂದರು ಓಣಿಯವರು. ಸೋಮವಾರ ಬೆಳಿಗ್ಗೆ ಎಲೆತೋಟದಲ್ಲಿ ಕೆಲಸ. ಹಾನಗಲ್ಲಿನಿಂದ ಶಿಗ್ಗಾವಿಗೆ ಸಂಜೆ ಐದೂವರೆಗೆ ಕಡೆಯ ಬಸ್ಸು. ಕರೆವ್ವ ಮಗಳ ಉಡಿ ತುಂಬಿ, ಅಳುತ್ತಲೇ ಗಾಡಿ ಹತ್ತಿಸಿದಳು.

ಗಾಡಿಯಲ್ಲಿ ನೀಲಪ್ಪನ ಮಗ್ಗುಲಲ್ಲಿ ಮಾದೇವಿ. ಅವನಿಗೆ ನಂಬಿಕೆಯೇ ಬರಲೊಲ್ಲದು. ಗಳಿಗೆಗೊಮ್ಮೆ ತಿರುಗಿ ನೋಡಿದ, ಇದ್ದಾಳೋ ಇಲ್ಲೋ ಅಂತ. ಇದ್ದಳು. ಹಾನಗಲ್ ಮುಟ್ಟಿದಾಗ ನಾಲ್ಕೂವರೆ. ಬಸ್ಸಿಗೆ ಇನ್ನೂ ಒಂದು ತಾಸು.

ಮಾದೇವಿ ಗಾಡಿಯಿಂದ ಇಳಿದು ಸೆರಗು ಸರಿಮಾಡಿಕೊಂಡು, “ಯಾವ ಹೋಟೆಲ್ಲು?” ಅಂದಳು.

“ಏನು?”

“ಬೆಳಿಗ್ಗೆ ತಿಂದದ್ದು ಯಾವ ಹೋಟೆಲ್ಲಂತ ಕೇಳ್ದೆ. ನಾ ಹುಟ್ಟಿದಾಗಿಂದ ಹೋಟೆಲ್ ಒಳಗ ಕಾಲಿಟ್ಟಿಲ್ಲ. ನಾ ಅಲ್ಲೆ ನಿಮ್ಮ ಪತ್ರ ಬಂದಾಗಿಂದ, ಗಂಡ ಉಪವಾಸ ಅದಾನಂತ ಒಂದೊಂದ ರೊಟ್ಟಿ ಕಡಿಮಿ ತಿಂದೇನಿ. ನೀವು ಇಲ್ಲೆ ಮೂರ ಮಸಾಲಿ ದ್ವಾಸಿ. ನನಗೂ ಬೇಕು.”

ನೀಲಪ್ಪನಿಗೆ ಆ ಹೋಟೆಲನ್ನು ನೋಡಿದರೇ ಹೊಟ್ಟೆ ತೊಳಸುತ್ತಿತ್ತು. ಆದರೆ ಎರಡನೆಯ ಮಾತಾಡುವ ಗಂಡಸು ಅವನಲ್ಲ. ಹೆಂಗಸರ ಸಲುವಾಗಿ ಭಟ್ಟರು ಒಳಗೆ ಪರದೆ ಕಟ್ಟಿದ ಒಂದು ಸಣ್ಣ ಕೋಣೆ ಮಾಡಿಸಿದ್ದರು. ಗೆಳೆಯರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತು ಚಹಾ ಕುಡಿಯತೊಡಗಿದರು. ಗಂಡ ಹೆಂಡತಿ ಒಳಗೆ ಹೋದರು.

ಎರಡು ಪ್ಲೇಟು ಬಂದವು. ಮಾದೇವಿ ದ್ವಾಸಿಯನ್ನು ಸುತ್ತಲೂ ನೋಡಿದಳು. ಮುಟ್ಟಿ ಬೆರಳು ಮೂಸಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ತಿನ್ನು,” ಅಂದ ನೀಲಪ್ಪ.

“ಗಂಡ ಉಣ್ಣೂಕಿಂತ ಮೊದ್ಲ ನಾ ಹೆಂಗ ತಿನ್ಲಿ? ನೀವು ಮೊದ್ಲ ತಿನ್ರಿ.”

“ನನಗ ಬ್ಯಾಡ, ಮಾದೇವಿ. ಕೈ ಮುಗೀತೇನಿ.”

“ಹಂಗಾರ ನನಗೂ ಬ್ಯಾಡ,” ಅಂತ ಅವಳು ಮುಖ ಊದಿಸಿದಳು.

ಒಂದೇ ದಿನ ಎರಡು ಮುನಿಸು ತಡೆಯುವ ಶಕ್ತಿ ನೀಲಪ್ಪನಿಗಿರಲಿಲ್ಲ. ದೊಡ್ಡದೊಂದು ಚೂರು ಮುರಿದು, ಒಮ್ಮೆಲೆ ಮುಗಿಸಿಬಿಡೋಣ ಅಂತ ಬಾಯಿಯ ತುಂಬ ತುರುಕಿಕೊಂಡ. ಮಾದೇವಿ ಖುಷಿಯಾಗಿ ಶುರುಮಾಡಿದಳು. ಎರಡು ತುತ್ತಿಗೆ ಅವಳ ಕಣ್ಣು ಅರಳಿತು. “ಅಯ್ಯ, ಇದನ್ನ ಮೂರ ತಿಂದದ್ದು ತಪ್ಪಲ್ಲ ಬಿಡ್ರಿ,” ಅಂದಳು. ನೀಲಪ್ಪನ ಎದೆಯ ಮೇಲಿನ ಭಾರ ಇಳಿಯಿತು. ಬಾಯೊಳಗಿನದು ಮಾತ್ರ ಇಳಿಯಲಿಲ್ಲ.

ಹೊರಗೆ ಗಂಟೆಯ ಸಪ್ಪಳವಾಯಿತು. ಟ್ರಿಣ್ ಟ್ರಿಣ್.

“ಅರೆ, ಮಾವಾರು!” ಅಂತ ಗುದ್ಲೆಪ್ಪನ ಧ್ವನಿ. “ಬರ್ರಿ ಬರ್ರಿ! ನಿಮ್ಮ ಅಳಿಯ ಇಲ್ಲೇ ಒಳಗ ಅದಾನ. ನೋಡ್ರಿ ಬೇಕಾದ್ರ!” ಅಂದವನೇ ಯಾರೂ ಕೇಳದಿದ್ದರೂ ಪರದೆಯನ್ನು ಸರ್ರನೆ ಸರಿಸಿಬಿಟ್ಟ.

ಬಾಗಿಲಲ್ಲಿ ಗಿರಿಯಪ್ಪ. ಮೈಯೆಲ್ಲ ಧೂಳು, ಹಣೆಯ ಮೇಲೆ ಬೆವರು. ಅವನ ಹಿಂದೆ, ಬಂದೇಸಾಬ ಹ್ಯಾಂಡಲ್ ಹಿಡಿದು ಗಂಟೆ ಬಾರಿಸುತ್ತ ನಿಂತಿದ್ದ ಹೊಸ ಸೈಕಲ್ಲು. ಚೆಂಡುಹೂವಿನ ಮಾಲೆ ಬೇರೆ ಹಾಕಿದ್ದರು.

ಅಪ್ಪನ ಧೋತರದ ಅಂಚು ಕಂಡದ್ದೇ ತಡ, ಮಾದೇವಿ ತನ್ನ ಪ್ಲೇಟನ್ನು ಗಂಡನ ಮುಂದೆ ಸರಿಸಿ ಸೆರಗನ್ನು ಮುಖದವರೆಗೆ ಎಳೆದುಕೊಂಡಳು. ಗಿರಿಯಪ್ಪನ ಕಣ್ಣಿಗೆ ಬಿದ್ದದ್ದು ಇಷ್ಟು: ಮನೆಯ ಹೋಳಿಗೆ ಬಿಟ್ಟು ಎದ್ದು ಬಂದ ಅಳಿಯ, ಮುಂದೆ ಎರಡು ಪ್ಲೇಟು ಮಸಾಲಿ ದ್ವಾಸಿ, ಎರಡೂ ಕೆನ್ನೆ ಉಬ್ಬುವಷ್ಟು ತುಂಬಿದ ಬಾಯಿ.

ನೀಲಪ್ಪ ಹೆಂಡತಿಯ ಕಡೆ ನೋಡಿದ. ಅವಳು ಬಾಯಿಬಿಟ್ಟರೆ ಒಂದೇ ಮಾತಿನಲ್ಲಿ ಎಲ್ಲಾ ಬಗೆಹರಿಯುತ್ತಿತ್ತು. ಸೆರಗು ಅಲುಗಲಿಲ್ಲ.

ಗಿರಿಯಪ್ಪ ಸಿಟ್ಟು ಮಾಡಲಿಲ್ಲ. ಅದೇ ನೋಡ್ರಿ ಅನ್ಯಾಯ. ಅವನ ಕಣ್ಣು ತುಂಬಿ ಬಂದವು. “ಎರಡೆರಡು ಪ್ಲೇಟ!” ಅಂದ. “ಎಷ್ಟ ಹಸದೀರಿ, ಅಳಿಯಂದಿರ! ಹಸದ ಹೊಟ್ಟೀಲೆ ಮುನಿಸಿಕೊಂಡು ಕುಂತ್ರಲ್ಲ, ನಾ ಎಂಥಾ ಪಾಪಿ. ಆಗ್ಲೇ ಹೂಂ ಅನಬೇಕಾಗಿತ್ತು ನಾನು. ಮಹಾಲಿಂಗಪ್ಪನ ಗಾಡ್ಯಾಗ ಬಂದು ತಂದೇನಿ, ನೋಡ್ರಿ, ಸೈಕಲ್ಲು. ಹಸರ ಬಣ್ಣದ್ದು. ಎತ್ತಿನ ಚಿಂತಿ ಬಿಡ್ರಿ. ಒಂಟಿ ಎತ್ತು ನನಗ ಏನ ಮಾಡೂದಿತ್ತು? ಮಹಾಲಿಂಗಪ್ಪ ತಾನ ತಗೊಂಡ.”

ನೀಲಪ್ಪ “ಮ್ಮ್, ಮ್ಮ್,” ಅಂತ ಎರಡೂ ಕೈ ಆಡಿಸಿದ. ಉಗುಳುವಂತಿಲ್ಲ, ನುಂಗುವಂತಿಲ್ಲ.

“ಮಾತಾಡಬ್ಯಾಡ್ರಿ, ಉಣ್ಣೂ ಮುಂದ ಮಾತ್ಯಾಕ?” ಅಂದ ಗಿರಿಯಪ್ಪ. “ಆದ್ರ ಈ ಹೋಟೆಲ್ ತಿನಿಸು ಬಿಡ್ರಿ. ನಡೀರಿ ಮನಿಗೆ. ನಿಮ್ಮತ್ತಿ ನೀವು ಉಣ್ಣೂತನಾ ಬಾಯಾಗ ನೀರ ಹಾಕಾಕಿ ಅಲ್ಲ. ನಾಳೆ ಹೋದ್ರಾತು ಸವಣೂರಿಗೆ. ಏನ್ ಮಾದೇವಿ? ನಾ ಹೇಳೂದು ಖರೇ ಅಲ್ಲ? ಅಳಿಯಾರು ಹಸದಾರಿಲ್ಲ?”

ಸೆರಗಿನ ಸಂದಿಯಿಂದ ಒಂದು ಕಣ್ಣು ಸೈಕಲ್ಲನ್ನು ನೋಡಿತು. ಮಾಲೆ ನೋಡಿತು, ಗಂಟೆ ನೋಡಿತು. ಆಮೇಲೆ ನೀಲಪ್ಪನ ಕಡೆ ತಿರುಗಿತು. ಆ ನೋಟಕ್ಕೆ ಅವನ ಬಾಯೊಳಗಿನ ದ್ವಾಸಿ ತಾನಾಗಿಯೇ ಗುಳುಕ್ಕನೆ ಇಳಿದುಹೋಯಿತು.

“ಮಾದೇವಿ, ಬಿಕ್ಕಳಿಕಿ...” ಅಂದ.

ಮಾದೇವಿ ಎದ್ದು ನಿಂತಳು.

“ಹೌದಪಾ,” ಅಂದಳು ಸೆರಗಿನೊಳಗಿಂದ, ಬಹಳ ಮೆತ್ತಗೆ. “ಭಾಳ ಹಸದಾರ. ಅವ್ವಗ ಹೇಳು, ಹನ್ನೆರಡು ಹೋಳಗಿ ಬಿಸಿ ಮಾಡ್ಲಿ. ನಾ ಮುಂದ ಕುಂತು ಉಣಸ್ತೇನಿ. ನಾಳೆ ಅವರು ಸೈಕಲ್ ತಗೊಂಡು ಹೋಗ್ಲಿ. ನಾ ಸಂಕ್ರಮಣ ಮುಗಿಸ್ಕೊಂಡು ಬರ್ತೇನಿ.”